ಕೊಪ್ಪಳ ಅಂತ ಬರೆದರೂ ತಪ್ಪು ಅಂದಿತು: ಮೊದಲ ಕ್ವಿಜ್ ಪ್ರೋಗ್ರಾಂ ಬರೆಯುವವರಿಗೆ

ಬೇಸಿಗೆ ರಜೆಗೆ ಗಂಗಾವತಿಯ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ, ಅಂಥ ಬಿಸಿಲು. ಒಂಬತ್ತನೇ ಕ್ಲಾಸ್ ಮುಗಿಸಿದ್ದ ಅಕ್ಕನ ಮಗಳು, "ಮಾಮಾ, ನಂಗೆ ಪ್ರೋಗ್ರಾಂ ಬರೆಯೋದು ಹೇಳಿಕೊಡು" ಅಂತ ಹಿಂದೆ ಬಿದ್ದಳು. ಅವಳ ಅಣ್ಣ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಮನೆಯಲ್ಲಿ ಎಲ್ಲಿ ನೋಡಿದರೂ ಸಾಮಾನ್ಯ ಜ್ಞಾನದ ಪ್ರಶ್ನೆಗಳೇ. ಅವನಿಗೆ ಪ್ರಶ್ನೆ ಕೇಳುವ ಒಂದು ಕ್ವಿಜ್ ಬರೆಯೋಣ ಅಂದೆ.

ಮೂರನೇ ದಿನಕ್ಕೆ ಕ್ವಿಜ್ ಓಡುತ್ತಿತ್ತು. ಅವಳೇ ಮೊದಲು ಆಡಿದಳು. ಕಿನ್ನಾಳದ ಗೊಂಬೆಗಳು ಯಾವ ಜಿಲ್ಲೆಯವು ಅಂತ ಪ್ರಶ್ನೆ ಬಂತು. ಕೊಪ್ಪಳ ಅಂತ ಟೈಪ್ ಮಾಡಿದಳು. ಪರದೆ ಮೇಲೆ ಹೀಗೆ ಬಂತು:

ತಪ್ಪು. ಸರಿ ಉತ್ತರ ಕೊಪ್ಪಳ.

ಅವಳು ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ. ಎರಡೂ ಕೊಪ್ಪಳವೇ. ಒಂದಕ್ಷರ ಆಚೀಚೆ ಇಲ್ಲ. ಕಾರಣ ಹುಡುಕುವುದಕ್ಕೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ಅವಳು ಕಲಿತದ್ದು ಹಿಂದಿನ ಎರಡು ದಿನಗಳಿಗಿಂತ ಜಾಸ್ತಿ. ಆ ಕಥೆಗೆ ಬರುವ ಮೊದಲು ಕ್ವಿಜ್ ಅಂದರೆ ಒಳಗೆ ಏನಿರುತ್ತದೆ ಅಂತ ನೋಡೋಣ.

ನಾವು ಬಳಸಿದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಗೀಡೋ ವಾನ್ ರೋಸಮ್ ಅನ್ನುವ ಡಚ್ ಪ್ರೋಗ್ರಾಮರ್ 1991ರಲ್ಲಿ ಇದನ್ನು ಮೊದಲು ಹೊರಗೆ ಬಿಟ್ಟರು. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ನಮಗೊಂದು ದೊಡ್ಡ ಅನುಕೂಲ ಆಗಿದೆ. ಪ್ರೋಗ್ರಾಂ ಒಳಗಿನ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೆಳಗಿನ ಎರಡು ಸಾಲುಗಳನ್ನು ಪೈಥಾನ್‌ಗೆ ಹೀಗೇ ಕೊಟ್ಟರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಅಂಕ = 0
ಅಂಕ = ಅಂಕ + 1

ಎರಡನೇ ಸಾಲು ನೋಡಿ ಅವಳು, "ಇದು ಹೆಂಗೆ ಸಮ ಆಗುತ್ತೆ ಮಾಮಾ, ಗಣಿತದಲ್ಲಿ ತಪ್ಪು ಅಲ್ವಾ?" ಅಂದಳು. ಒಳ್ಳೆಯ ಪ್ರಶ್ನೆ. ಇಲ್ಲಿ ಒಂದು ಸಮ ಚಿಹ್ನೆ ಹಾಕಿದರೆ 'ಇಡು' ಅಂತ ಅರ್ಥ. ಅಂಕ ಅನ್ನುವ ಡಬ್ಬಿಯಲ್ಲಿ ಈಗ ಇರುವುದನ್ನು ತೆಗೆದು, ಒಂದು ಕೂಡಿಸಿ, ವಾಪಸ್ ಅದೇ ಡಬ್ಬಿಯಲ್ಲಿ ಇಡು. 'ಇವೆರಡೂ ಒಂದೇನಾ?' ಅಂತ ಕೇಳಬೇಕಾದರೆ ಎರಡು ಸಮ ಚಿಹ್ನೆ ಒತ್ತಟ್ಟಿಗೆ ಹಾಕಬೇಕು. ಹೊಸಬರು ಇಲ್ಲಿ ಎಡವುವುದು ಸಹಜ. ಒಂದು ಹಾಕಬೇಕಾದ ಕಡೆ ಎರಡು, ಎರಡು ಹಾಕಬೇಕಾದ ಕಡೆ ಒಂದು ಬೀಳುತ್ತಿರುತ್ತದೆ.

ಪರದೆ ಮೇಲೆ ಏನಾದರೂ ತೋರಿಸಲು ಪೈಥಾನ್‌ನಲ್ಲಿ ಪ್ರಿಂಟ್ ಇದೆ. ಆಡುವವರಿಂದ ಉತ್ತರ ಕೇಳಿ ಪಡೆಯಲು ಇನ್‌ಪುಟ್ ಇದೆ. ಇವಕ್ಕೂ ನಾವು ಕನ್ನಡ ಹೆಸರು ಇಟ್ಟುಕೊಳ್ಳಬಹುದು. ಹೇಳು = ಪ್ರಿಂಟ್, ಕೇಳು = ಇನ್‌ಪುಟ್ ಅಂತ ಮೇಲೆ ಎರಡು ಸಾಲು ಬರೆದರೆ ಮುಗಿಯಿತು, ಅಲ್ಲಿಂದ ಕೆಳಗೆ ಹೇಳು, ಕೇಳು ಅನ್ನಬಹುದು. ಆದರೆ ಇಫ್, ಎಲ್ಸ್, ಫಾರ್ ಥರದ ಮೂಲ ಪದಗಳನ್ನು ಹೀಗೆ ಬದಲಿಸಲು ಬರುವುದಿಲ್ಲ. ಇಲ್ಲಿ ಓದಲು ಸುಲಭ ಆಗಲಿ ಅಂತ ಅವನ್ನೂ ಪ್ರಿಂಟ್, ಇನ್‌ಪುಟ್‌ಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಹಾಕಿ.

ಮೊದಲ ದಿನ ನಾವು ಬರೆದದ್ದು ಇಷ್ಟು:

ಅಂಕ = 0
ಉತ್ತರ = ಕೇಳು("ಕಿನ್ನಾಳದ ಗೊಂಬೆಗಳು ಯಾವ ಜಿಲ್ಲೆಯವು? ")
ಇಫ್ ಉತ್ತರ == "ಕೊಪ್ಪಳ":
    ಹೇಳು("ಸರಿ!")
    ಅಂಕ = ಅಂಕ + 1
ಎಲ್ಸ್:
    ಹೇಳು("ತಪ್ಪು. ಸರಿ ಉತ್ತರ ಕೊಪ್ಪಳ.")

ಕ್ವಿಜ್‌ನ ಜೀವ ಇಷ್ಟೇ. ಕೇಳು, ಹೋಲಿಸಿ ನೋಡು, ಅಂಕ ಕೊಡು ಅಥವಾ ಕೊಡಬೇಡ. ಇಫ್ ಕೆಳಗಿನ ಸಾಲುಗಳು ಸ್ವಲ್ಪ ಒಳಗೆ ಸರಿದಿವೆ, ಗಮನಿಸಿ. ಅದು ಅಂದಕ್ಕೆ ಮಾಡಿದ್ದಲ್ಲ. ಯಾವ ಸಾಲು ಯಾವುದರ ಕೈಕೆಳಗಿದೆ ಅಂತ ಪೈಥಾನ್ ತಿಳಿಯುವುದೇ ಈ ಜಾಗದಿಂದ. ಸಾಮಾನ್ಯವಾಗಿ ನಾಲ್ಕು ಸ್ಪೇಸ್ ಬಿಡುತ್ತಾರೆ. ಇನ್ನೊಂದು ಮಾತು, ಫೋನ್‌ನಲ್ಲಿ ಬರೆಯುವವರಿಗೆ: ವಾಟ್ಸ್ಆಪ್‌ನಿಂದಲೋ ಇನ್ನೆಲ್ಲಿಂದಲೋ ಕೋಡ್ ಕಾಪಿ ಮಾಡಿದರೆ ಉದ್ಧರಣ ಚಿಹ್ನೆ ಬಾಗಿದ ರೂಪದಲ್ಲಿ ಬರಬಹುದು. ಪೈಥಾನ್‌ಗೆ ನೆಟ್ಟಗಿರುವ ಚಿಹ್ನೆ ಮಾತ್ರ ನಡೆಯುತ್ತದೆ. ಅಳಿಸಿ, ಕೈಯಾರೆ ಮತ್ತೆ ಹಾಕಿ.

ಒಂದು ಪ್ರಶ್ನೆ ಆಯಿತು. ಇಪ್ಪತ್ತು ಪ್ರಶ್ನೆ ಬೇಕಲ್ವಾ? ಅವಳು ಅದೇ ಏಳು ಸಾಲುಗಳನ್ನು ಕಾಪಿ ಮಾಡಿ ಅಂಟಿಸತೊಡಗಿದಳು. ನಾನು ತಡೆಯಲಿಲ್ಲ. ಆರು ಪ್ರಶ್ನೆ ಆದ ಮೇಲೆ 'ಸರಿ!' ಅನ್ನುವುದನ್ನು 'ಶಭಾಷ್!' ಅಂತ ಬದಲಿಸಬೇಕು ಅನ್ನಿಸಿತು ಅವಳಿಗೆ. ಆರು ಕಡೆ ಬದಲಿಸಬೇಕಾಯಿತು. ಆಗ ಅವಳಿಗೇ ಬೇಸರ ಬಂತು. ಅಂಟಿಸುವ ಈ ದಾರಿಯನ್ನು ಹೊಸಬರು ಒಮ್ಮೆ ನಡೆದೇ ನೋಡಬೇಕು ಅಂತ ನನ್ನ ಅನಿಸಿಕೆ. ಆ ಬೇಸರ ಬಾರದೆ ಮುಂದಿನ ಹೆಜ್ಜೆ ಯಾಕೆ ಬೇಕು ಅಂತ ತಿಳಿಯುವುದಿಲ್ಲ.

ಮುಂದಿನ ಹೆಜ್ಜೆ ಅಂದರೆ ಪ್ರಶ್ನೆಗಳನ್ನು ಒಂದು ಕಡೆ, ಕೇಳುವ ಕೆಲಸವನ್ನು ಇನ್ನೊಂದು ಕಡೆ ಇಡುವುದು. ಕ್ಲಾಸಿನಲ್ಲಿ ಪ್ರಶ್ನೆಪತ್ರಿಕೆ ಬೇರೆ, ಮೇಷ್ಟ್ರು ಬೇರೆ. ಪತ್ರಿಕೆ ಪ್ರತಿ ವರ್ಷ ಬದಲಾಗುತ್ತದೆ, ಮೇಷ್ಟ್ರು ಪರೀಕ್ಷೆ ನಡೆಸುವ ರೀತಿ ಅದೇ ಇರುತ್ತದೆ. ನಮ್ಮ ಪತ್ರಿಕೆ ಹೀಗಿತ್ತು:

ಪ್ರಶ್ನೆಗಳು = [
    ["ಕಿನ್ನಾಳದ ಗೊಂಬೆಗಳು ಯಾವ ಜಿಲ್ಲೆಯವು? ", "ಕೊಪ್ಪಳ"],
    ["ಹಟ್ಟಿ ಚಿನ್ನದ ಗಣಿ ಯಾವ ಜಿಲ್ಲೆಯಲ್ಲಿದೆ? ", "ರಾಯಚೂರು"],
    ["ಹಂಪಿ ಯಾವ ಜಿಲ್ಲೆಯಲ್ಲಿದೆ? ", "ಬಳ್ಳಾರಿ"],
]

ಚೌಕ ಆವರಣ ಅಂದರೆ ಪಟ್ಟಿ, ಪೈಥಾನ್ ಮಾತಿನಲ್ಲಿ ಲಿಸ್ಟ್. ದೊಡ್ಡ ಪಟ್ಟಿಯೊಳಗೆ ಎರಡೆರಡು ಸಾಮಾನಿನ ಸಣ್ಣ ಪಟ್ಟಿಗಳು. ಇನ್ನು ಮೇಷ್ಟ್ರ ಕೆಲಸ:

ಫಾರ್ ಪ್ರಶ್ನೆ, ಸರಿ_ಉತ್ತರ ಇನ್ ಪ್ರಶ್ನೆಗಳು:
    ಉತ್ತರ = ಕೇಳು(ಪ್ರಶ್ನೆ)
    ಇಫ್ ಉತ್ತರ == ಸರಿ_ಉತ್ತರ:
        ಹೇಳು("ಶಭಾಷ್!")
        ಅಂಕ = ಅಂಕ + 1
    ಎಲ್ಸ್:
        ಹೇಳು("ತಪ್ಪು. ಸರಿ ಉತ್ತರ", ಸರಿ_ಉತ್ತರ)

ಫಾರ್ ಅಂದರೆ 'ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಇದನ್ನು ಮಾಡು'. ಪ್ರಶ್ನೆ ಮೂರಿರಲಿ, ಮುನ್ನೂರಿರಲಿ, ಇಷ್ಟೇ ಸಾಲು ಸಾಕು. ಅಂಕ = 0 ಅನ್ನುವುದು ಮಾತ್ರ ಫಾರ್‌ಗಿಂತ ಮೇಲೆ, ಹೊರಗೆ ಇರಬೇಕು. ಅವಳು ಮೊದಲು ಒಳಗೆ ಬರೆದಿದ್ದಳು. ಪ್ರತಿ ಪ್ರಶ್ನೆಗೂ ಅಂಕ ಸೊನ್ನೆಗೆ ಇಳಿಯುತ್ತಿತ್ತು. ಎಲ್ಲ ಸರಿ ಹೇಳಿದರೂ ಕೊನೆಗೆ ಸಿಗುತ್ತಿದ್ದುದು ಒಂದೇ.

ಪ್ರಶ್ನೆಗಳನ್ನು ಬೇರೆ ಇಟ್ಟ ಲಾಭ ಅವತ್ತು ಸಂಜೆಯೇ ಕಾಣಿಸಿತು. ಅಣ್ಣ ಬಂದು ಪಟ್ಟಿ ನೋಡಿದ. "ಹಂಪಿ ಈಗ ಬಳ್ಳಾರಿ ಜಿಲ್ಲೆಯಲ್ಲಿಲ್ಲ" ಅಂದ. ನಿಜ. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಹೊಸಪೇಟೆ, ಹಂಪಿ ಎಲ್ಲ ಆ ಕಡೆ ಹೋದವು. ಅದಕ್ಕಿಂತ ಹಳೆಯ ಪುಸ್ತಕದ ಉತ್ತರ ಈಗ ತಪ್ಪು. ಪಟ್ಟಿಯಲ್ಲಿ ಒಂದು ಪದ ತಿದ್ದಿದಳು, ಅಷ್ಟೇ. ಕೇಳುವ ಸಾಲುಗಳನ್ನು ಮುಟ್ಟುವ ಕೆಲಸವೇ ಬರಲಿಲ್ಲ. ನಮ್ಮ ಕಡೆ ಇಂಥದ್ದು ಹೊಸದೇನಲ್ಲ. ಕೊಪ್ಪಳವೇ 1997ರವರೆಗೆ ರಾಯಚೂರು ಜಿಲ್ಲೆಯ ಭಾಗ. ಆ ವರ್ಷಕ್ಕಿಂತ ಮೊದಲು ಈ ಕ್ವಿಜ್ ಬರೆದಿದ್ದರೆ ಕಿನ್ನಾಳದ ಉತ್ತರವೂ ಬೇರೆಯೇ ಇರುತ್ತಿತ್ತು.

ಈಗ ಆ ಕೊಪ್ಪಳದ ಕಥೆ.

ಪ್ರಶ್ನೆ ಜಾಸ್ತಿ ಬೇಕು ಅಂತ ಅಣ್ಣ ಒಂದು ಫೈಲ್ ಕೊಟ್ಟಿದ್ದ. ಹಳೆ ಕಾಲದ ಕನ್ನಡ ಫಾಂಟ್‌ನಲ್ಲಿ ಯಾರೋ ಟೈಪ್ ಮಾಡಿ, ಆಮೇಲೆ ಯೂನಿಕೋಡ್‌ಗೆ ಬದಲಿಸಿದ್ದ ಫೈಲ್ ಅದು. ಕಿನ್ನಾಳದ ಪ್ರಶ್ನೆ ಅದರಲ್ಲೂ ಇತ್ತು. ಅವಳು ಮೊದಲು ಬರೆದಿದ್ದನ್ನು ತೆಗೆದು ಫೈಲಿನದನ್ನೇ ಪಟ್ಟಿಗೆ ಅಂಟಿಸಿದ್ದಳು. ಅಂದರೆ ಪಟ್ಟಿಯಲ್ಲಿದ್ದ ಕೊಪ್ಪಳ ಆ ಫೈಲಿನದು. ಅವಳು ಉತ್ತರವಾಗಿ ಬರೆದ ಕೊಪ್ಪಳ ಫೋನ್ ಕೀಬೋರ್ಡಿನದು.

ಪೈಥಾನ್‌ನಲ್ಲಿ ಲೆನ್ ಅಂತ ಒಂದಿದೆ. ಪದದಲ್ಲಿ ಎಷ್ಟು ಗುರುತುಗಳಿವೆ ಅಂತ ಎಣಿಸಿ ಹೇಳುತ್ತದೆ. ಎರಡೂ ಕೊಪ್ಪಳವನ್ನು ಅದಕ್ಕೆ ಕೊಟ್ಟೆವು. ಒಂದಕ್ಕೆ 6 ಅಂದಿತು, ಇನ್ನೊಂದಕ್ಕೆ 7. ನಮ್ಮ ಕಣ್ಣಿಗೆ ಕೊ, ಪ್ಪ, ಳ ಅಂತ ಮೂರೇ ಅಕ್ಷರ!

ಕಂಪ್ಯೂಟರ್ ಕನ್ನಡ ಅಕ್ಷರವನ್ನು ನಾವು ಉಚ್ಚರಿಸುವ ಹಾಗೆ ಇಟ್ಟುಕೊಳ್ಳುವುದಿಲ್ಲ. ಯೂನಿಕೋಡ್ ಅನ್ನುವ ಪದ್ಧತಿಯಲ್ಲಿ ಕನ್ನಡಕ್ಕೆ 128 ಜಾಗ ಮೀಸಲಿದೆ. ವ್ಯಂಜನಕ್ಕೊಂದು ನಂಬರ್, ಪ್ರತಿ ಸ್ವರಚಿಹ್ನೆಗೊಂದು ನಂಬರ್, ಒತ್ತು ಕೊಡುವ ಅರ್ಧಚಿಹ್ನೆಗೊಂದು ನಂಬರ್. ಕ ಅಂದರೆ 3221. ಒತ್ವದ ಚಿಹ್ನೆ 3274. ಅವೆರಡು ಸೇರಿ ಕೊ. ಆಮೇಲೆ ಪ, ಅರ್ಧಚಿಹ್ನೆ, ಮತ್ತೆ ಪ, ಳ. ಒಟ್ಟು ಆರು ಗುರುತು. ಆರ್ಡ್ ಅಂತ ಇನ್ನೊಂದು ಸಲಕರಣೆ ಇದೆ, ಒಂದೊಂದು ಗುರುತಿನ ನಂಬರನ್ನೂ ಅದು ಹೇಳುತ್ತದೆ. ಅವಳು ನೋಟ್‌ಬುಕ್ಕಿನಲ್ಲಿ ಎರಡೂ ಕೊಪ್ಪಳದ ನಂಬರುಗಳನ್ನು ಅಕ್ಕಪಕ್ಕ ಬರೆದುಕೊಂಡಳು. ಅವಳು ಟೈಪ್ ಮಾಡಿದ್ದರಲ್ಲಿ 3221, 3274. ಫೈಲಿನದರಲ್ಲಿ 3221, 3270, 3266.

3270 ಅಂದರೆ ಎತ್ವ. 3266 ಅಂದರೆ ಊಕಾರದ ದೀರ್ಘ. ಕೈಯಲ್ಲಿ ಬರೆಯುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ಕ ಬರೆದು, ತಲೆ ಮೇಲೆ ಎತ್ವ ಕೊಟ್ಟು, ಪಕ್ಕದಲ್ಲಿ ಕೊಂಬು ಎಳೆಯುತ್ತೇವೆ, ಕೊ ಆಗುತ್ತದೆ. ಫೈಲಿನಲ್ಲಿ ಆ ಎರಡು ತುಂಡು ಬೇರೆ ಬೇರೆ ಉಳಿದಿದ್ದವು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಎರಡೂ ಒಂದೇ ಬರಹ ಅಂತ ಯೂನಿಕೋಡ್ ನಿಯಮವೂ ಒಪ್ಪುತ್ತದೆ. ಆದರೆ ಎರಡು ಸಮ ಚಿಹ್ನೆ ಹಾಕಿದರೆ ಪೈಥಾನ್ ನಂಬರುಗಳನ್ನು ಸಾಲಾಗಿ ಹೋಲಿಸುತ್ತದೆ. ಎರಡನೇ ನಂಬರಿನಲ್ಲೇ ವ್ಯತ್ಯಾಸ ಸಿಕ್ಕಿತು, ತಪ್ಪು ಅಂದಿತು. ಅದರ ಲೆಕ್ಕದಲ್ಲಿ ಅದು ಹೇಳಿದ್ದು ಸರಿಯೇ.

ಕ್ವಿಜ್ ಬರೆಯುವವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಪ್ರಶ್ನೆ ಕೇಳುವುದು ಸುಲಭ, ಅಂಕ ಕೂಡಿಸುವುದು ಸುಲಭ. 'ಸರಿ ಉತ್ತರ' ಅಂದರೆ ಏನು ಅಂತ ತೀರ್ಮಾನಿಸುವುದು ಕಷ್ಟ. ಆ ತೀರ್ಮಾನ ನಿಮ್ಮದು. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವಾಗ ಅಕ್ಷರ ಸ್ವಲ್ಪ ಓರೆಯಾದರೂ ಅರ್ಥ ಮಾಡಿಕೊಂಡು ಅಂಕ ಕೊಡುತ್ತಾರೆ. ಆ ವಿವೇಕವನ್ನು ನೀವು ಸಾಲು ಸಾಲಾಗಿ ಬರೆದು ಕೊಡಬೇಕು.

ನಾವು ಅದಕ್ಕೊಂದು ಸಣ್ಣ ಫಂಕ್ಷನ್ ಬರೆದೆವು, ಅಂದರೆ ಹೆಸರಿಟ್ಟು ಬೇಕಾದಾಗೆಲ್ಲ ಕರೆಯಬಹುದಾದ ಸಾಲುಗಳ ಗುಂಪು. ಹೆಸರು ಅವಳೇ ಇಟ್ಟಳು, ತೊಳೆ.

ಡೆಫ್ ತೊಳೆ(ಪದ):
    ಪದ = ನಾರ್ಮಲೈಸ್("ಎನ್ಎಫ್‌ಸಿ", ಪದ)
    ರಿಟರ್ನ್ ಪದ.ಸ್ಟ್ರಿಪ್()

ನಾರ್ಮಲೈಸ್ ಅನ್ನುವುದು ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲಿನಲ್ಲಿದೆ. ಮಾಡ್ಯೂಲ್ ಅಂದರೆ ಸಿದ್ಧ ಸಲಕರಣೆಗಳ ಪೆಟ್ಟಿಗೆ. ಅಲ್ಲಿಂದ ಇಂಪೋರ್ಟ್ ಮಾಡಿಕೊಳ್ಳಬೇಕು, ಅಂದರೆ ನಮ್ಮ ಪ್ರೋಗ್ರಾಂಗೆ ತಂದುಕೊಳ್ಳಬೇಕು. ಎನ್ಎಫ್‌ಸಿ ಅನ್ನುವ ಮೂರು ಅಕ್ಷರವನ್ನು ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಬಿಡಿಬಿಡಿಯಾದ ತುಂಡುಗಳನ್ನು ಕೂಡಿಸಿ ಒಂದೇ ಗುರುತು ಮಾಡು ಅಂತ ಅದರ ಅರ್ಥ. ಎತ್ವ ಮತ್ತು ಕೊಂಬು ಸೇರಿ ಒತ್ವ ಆಗುತ್ತದೆ, ಏಳು ಗುರುತು ಆರಾಗುತ್ತದೆ. ಸ್ಟ್ರಿಪ್ ಪದದ ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುತ್ತದೆ. ಅದು ಯಾಕೆ ಬೇಕು ಅಂದರೆ, ಫೋನ್‌ನಲ್ಲಿ ಕೀಬೋರ್ಡ್ ಮೇಲೆ ಬರುವ ಸಲಹೆಯನ್ನು ಒತ್ತಿದರೆ ಪದದ ಕೊನೆಗೆ ಒಂದು ಸ್ಪೇಸ್ ತಾನಾಗಿಯೇ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಸ್ಪೇಸ್ ಕೂಡ ಒಂದು ಗುರುತೇ.

ಆಡುವವರ ಉತ್ತರವನ್ನೂ ತೊಳೆಯಬೇಕು, ಪಟ್ಟಿಯಲ್ಲಿರುವ ಉತ್ತರವನ್ನೂ ತೊಳೆಯಬೇಕು. ಒಂದನ್ನೇ ತೊಳೆದರೆ ಪ್ರಯೋಜನವಿಲ್ಲ. ನಮ್ಮ ವಿಷಯದಲ್ಲಿ ಕೊಳೆ ಇದ್ದದ್ದೇ ಪಟ್ಟಿಯ ಕಡೆ. ಇನ್ನೊಂದು ಇದೆ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕನ್ನಡದಲ್ಲಿ ಅಗಲವೇ ಇಲ್ಲದ ಒಂದು ಗುರುತು ಬಳಸುತ್ತೇವೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ. ಬೇಕಾದರೆ ರಿಪ್ಲೇಸ್ ಬಳಸಿ ಬೇರೆಯಾಗಿ ತೆಗೆಯಬೇಕು.

ತೊಳೆದ ಮೇಲೂ ಮುಗಿಯಲಿಲ್ಲ. ಮಸ್ಕಿ ಶಾಸನದ ಪ್ರಶ್ನೆ ಬಂತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕನ ಹೆಸರೇ ಇದೆ, ಅದರ ಹಿರಿಮೆಯೇ ಅದು. 'ಮಸ್ಕಿ ಶಾಸನದಲ್ಲಿ ಯಾವ ರಾಜನ ಹೆಸರಿದೆ' ಅಂದರೆ ಅಕ್ಕ 'ಅಶೋಕ ಚಕ್ರವರ್ತಿ' ಅಂತ ಬರೆದಳು. ಅಣ್ಣ 'ಸಾಮ್ರಾಟ್ ಅಶೋಕ' ಅಂತ ಬರೆದ. ಇಬ್ಬರದೂ ತಪ್ಪು ಅಂದಿತು ಕ್ವಿಜ್. ಆಗ ಪ್ರತಿ ಪ್ರಶ್ನೆಗೆ ಒಂದು ಉತ್ತರದ ಬದಲು ಉತ್ತರಗಳ ಪಟ್ಟಿ ಕೊಟ್ಟೆವು:

["ಮಸ್ಕಿ ಶಾಸನದಲ್ಲಿ ಯಾವ ರಾಜನ ಹೆಸರಿದೆ? ", ["ಅಶೋಕ", "ಅಶೋಕ ಚಕ್ರವರ್ತಿ", "ಸಾಮ್ರಾಟ್ ಅಶೋಕ"]],

ಹೋಲಿಸುವ ಸಾಲಿನಲ್ಲಿ ಎರಡು ಸಮ ಚಿಹ್ನೆ ಹೋಗಿ ಇನ್ ಬಂತು: ಇಫ್ ಉತ್ತರ ಇನ್ ಸರಿ_ಉತ್ತರಗಳು. ಪಟ್ಟಿಯಲ್ಲಿ ಯಾವುದಕ್ಕೆ ಹೊಂದಿದರೂ ಅಂಕ ಕೊಡು ಅಂತ. ರಾಯಚೂರು, ರಾಯ್ಚೂರು ಎರಡನ್ನೂ ಹೀಗೇ ಒಪ್ಪಿಕೊಂಡೆವು. ಆನೆಗೊಂದಿ, ಆನೆಗುಂದಿ ಕೂಡ.

ಇಲ್ಲೊಂದು ಬಲೆ ಇದೆ, ಹುಷಾರು. ಉತ್ತರ ಒಂದೇ ಇರುವಾಗ ಚೌಕ ಆವರಣ ಮರೆತು ಸುಮ್ನೆ "ಕೊಪ್ಪಳ" ಅಂತ ಬಿಟ್ಟರೆ ಪೈಥಾನ್ ಜಗಳ ತೆಗೆಯುವುದಿಲ್ಲ. ಆಗ ಇನ್ ಅರ್ಥವೇ ಬೇರೆ ಆಗುತ್ತದೆ. 'ಈ ಉತ್ತರ ಕೊಪ್ಪಳ ಅನ್ನುವ ಪದದೊಳಗೆ ಎಲ್ಲಾದರೂ ಇದೆಯಾ?' ಅಂತ ನೋಡುತ್ತದೆ. ಬರೀ ಳ ಅಂತ ಬರೆದರೂ ಶಭಾಷ್! ಏನೂ ಬರೆಯದೆ ಎಂಟರ್ ಒತ್ತಿದರೂ ಶಭಾಷ್, ಯಾಕೆಂದರೆ ಖಾಲಿ ಪದ ಎಲ್ಲ ಪದಗಳ ಒಳಗೂ ಇದೆ ಅಂತ ಪೈಥಾನ್ ಲೆಕ್ಕ. ಇದನ್ನು ಕಂಡುಹಿಡಿದದ್ದು ನಾನಲ್ಲ, ಅವಳ ಅಣ್ಣ. ಎಂಟರ್ ಒತ್ತಿ ಒತ್ತಿ ನಾಲ್ಕು ಅಂಕ ತೆಗೆದುಕೊಂಡಿದ್ದ. ಪ್ರೋಗ್ರಾಂ ಬರೆದವರು ಸರಿ ಉತ್ತರ ಕೊಟ್ಟು ನೋಡುತ್ತಾರೆ. ಬೇರೆಯವರ ಕೈಗೆ ಕೊಟ್ಟಾಗಲೇ ಇಂಥವು ಹೊರಬೀಳುತ್ತವೆ. ಹಾಗಾಗಿ ಬೇಗ ಕೊಡಿ, ಅರ್ಧಂಬರ್ಧ ಇದ್ದಾಗಲೇ ಕೊಡಿ.

ಎಲ್ಲದಕ್ಕೂ ಕೋಡ್ ಬರೆದೇ ಪರಿಹಾರ ಹುಡುಕಬೇಕು ಅಂತಲೂ ಇಲ್ಲ. 'ರಾಯಚೂರು ದೋಆಬ್ ಯಾವ ಎರಡು ನದಿಗಳ ನಡುವೆ ಇದೆ' ಅನ್ನುವ ಪ್ರಶ್ನೆಗೆ ಕೃಷ್ಣಾ ಮತ್ತು ತುಂಗಭದ್ರಾ ಅನ್ನಬಹುದು, ತಿರುಗಿಸಿ ಹೇಳಬಹುದು, ಕಾಮಾ ಹಾಕಬಹುದು, ಕೃಷ್ಣೆ ತುಂಗಭದ್ರೆ ಅನ್ನಬಹುದು. ಎಷ್ಟಂತ ಪಟ್ಟಿ ಮಾಡುವುದು? ನಾವು ಪ್ರಶ್ನೆಯನ್ನೇ ಬದಲಿಸಿದೆವು. 'ರಾಯಚೂರು ದೋಆಬ್‌ನ ಉತ್ತರಕ್ಕೆ ಕೃಷ್ಣಾ ಹರಿಯುತ್ತದೆ, ದಕ್ಷಿಣಕ್ಕೆ ಯಾವ ನದಿ?' ಈಗ ಒಂದೇ ಉತ್ತರ. ಪ್ರಶ್ನೆಯನ್ನು ಬಿಗಿ ಮಾಡಿದರೆ ಪ್ರೋಗ್ರಾಂ ಹಗುರ ಆಗುತ್ತದೆ.

ನಾಲ್ಕು ಆಯ್ಕೆ ಕೊಟ್ಟು ನಂಬರ್ ಒತ್ತಿಸಿದರೆ ಈ ತಾಪತ್ರಯ ಎಲ್ಲ ತಪ್ಪುತ್ತದಲ್ಲ ಅಂತ ನೀವು ಕೇಳಬಹುದು. ಮುಕ್ಕಾಲು ಪಾಲು ತಪ್ಪುತ್ತದೆ. ಮೊದಲ ಕ್ವಿಜ್‌ಗೆ ಅದೂ ಒಳ್ಳೆಯ ದಾರಿ. ಆದರೆ ಅಲ್ಲೂ ಒಂದು ವಿಷಯ ತಿಳಿದಿರಬೇಕು. ಕೇಳು ತಂದುಕೊಡುವುದು ಯಾವಾಗಲೂ ಪಠ್ಯ, ಸಂಖ್ಯೆ ಅಲ್ಲ. ಆಡುವವರು 3 ಒತ್ತಿದರೆ ಸಿಗುವುದು ಉದ್ಧರಣ ಚಿಹ್ನೆಯೊಳಗಿನ "3". ಅದನ್ನು ಬರೀ 3 ಜೊತೆ ಹೋಲಿಸಿದರೆ ಎಂದಿಗೂ ಸಮ ಆಗುವುದಿಲ್ಲ. ಇಂಟ್ ಅನ್ನುವುದಕ್ಕೆ ಕೊಟ್ಟು ಸಂಖ್ಯೆ ಮಾಡಿಕೊಳ್ಳಬೇಕು. ಇಂಟ್‌ಗೆ ಕನ್ನಡ ಅಂಕಿಯೂ ಗೊತ್ತು! ೩ ಅಂತ ಕೊಟ್ಟರೂ 3 ಮಾಡಿಕೊಡುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಸುಮ್ನೆ ಪಠ್ಯವಾಗಿ ಹೋಲಿಸಿದರೆ ಮಾತ್ರ "೩" ಬೇರೆ, "3" ಬೇರೆ. ಒಂದರ ನಂಬರ್ 3305, ಇನ್ನೊಂದರದು 51. ಯಾರಾದರೂ ಅಂಕಿಯ ಬದಲು ಅಕ್ಷರ ಒತ್ತಿದರೆ ಇಂಟ್ ಎರರ್ ಕೊಟ್ಟು ಕ್ವಿಜ್ ಅಲ್ಲೇ ನಿಲ್ಲುತ್ತದೆ. ಟ್ರೈ, ಎಕ್ಸೆಪ್ಟ್ ಅನ್ನುವ ಜೋಡಿ ಬಳಸಿ ಅದನ್ನು ಹಿಡಿದು, ಮತ್ತೆ ಕೇಳಬಹುದು.

ಪ್ರಶ್ನೆಗಳು ಪ್ರತಿ ಸಲ ಬೇರೆ ಕ್ರಮದಲ್ಲಿ ಬರಬೇಕಾದರೆ ರ‍್ಯಾಂಡಮ್ ಮಾಡ್ಯೂಲಿನ ಶಫಲ್ ಇದೆ. ಇಸ್ಪೀಟ್ ಎಲೆ ಕಲಸಿದ ಹಾಗೆ ಪಟ್ಟಿಯನ್ನು ಕಲಸುತ್ತದೆ, ಒಂದೇ ಸಾಲಿನ ಕೆಲಸ.

ನಾನು ಹೊರಡುವ ದಿನ ಅವಳು ಹೊಸ ಪ್ರಶ್ನೆ ಸೇರಿಸಿದ್ದಳು. ತುಂಗಭದ್ರಾ ಡ್ಯಾಂಗೆ ಎಷ್ಟು ಕ್ರೆಸ್ಟ್ ಗೇಟ್? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗಿನಿಂದ, ಆ ನೀರು ನಂಬಿ ಭತ್ತ ಬೆಳೆಯುವ ನಮ್ಮ ಕಡೆಯವರಿಗೆ ಗೇಟಿನ ಲೆಕ್ಕ ಬಾಯಿಪಾಠ. ಅವಳ ಅಜ್ಜನಿಗೆ ಫೋನ್ ಕೊಟ್ಟಳು. ಅಜ್ಜ ಮೈಕ್ ಒತ್ತಿ ಬಾಯಲ್ಲೇ ಉತ್ತರ ಹೇಳಿದರು. ಪರದೆ ಮೇಲೆ 'ಮೂವತ್ತಮೂರು' ಅಂತ ಅಕ್ಷರದಲ್ಲಿ ಬಂತು. ಕ್ವಿಜ್ ತಪ್ಪು ಅಂದಿತು. ಅವಳು ಈ ಸಲ ನನ್ನ ಮುಖ ನೋಡಲಿಲ್ಲ. ಫೋನ್ ವಾಪಸ್ ತೆಗೆದುಕೊಂಡು, ಆ ಪ್ರಶ್ನೆಯ ಪಟ್ಟಿಯಲ್ಲಿ "33" ಪಕ್ಕ ಒಂದು ಕಾಮಾ ಹಾಕಿ, "೩೩", "ಮೂವತ್ತಮೂರು", "ಮೂವತ್ಮೂರು" ಅಂತ ಸೇರಿಸಿದಳು.

"ಇನ್ನೊಂದು ಸಲ ಹೇಳು ಅಜ್ಜಾ" ಅಂದಳು.